ಕೊನೆಯ ಪುಟದಿಂದ

ಈರುಳ್ಳಿಯನ್ನೂ ಮುಟ್ಟದ ಧರಣೇಂದ್ರಯ್ಯನವರ ಸೊಂಟದಲ್ಲಿತ್ತು
ಹೆಂಡ, ಗಾಂಜಾ, ಹೊಗೆಸೊಪ್ಪಿನ ಬೀರುವಿನ ಬೀಗದ ಕೈ.
ಹಾಸನ. ಕಾಲೇಜು ಲೈಬ್ರರಿಯ ಎರಡನೇ ಮಹಡಿ.
ತಿರುಗಿದಾಗೆಲ್ಲ ಕೆಮ್ಮುವ ಫ್ಯಾನು.
"ಏನು ಬೇಕು ತಾಯಿ?"
"ನಂಬುವಂಥದ್ದು ಸಾರ್, ಹೊಗೆಸೊಪ್ಪಿನ ಮೇಲೆ, ನಮ್ಮ ಜಿಲ್ಲೆಯದು."
"ಒಂದೇ ಉಸಿರಿಗೆ ಮೂರು ಕೇಳಿದೆ," ಎಂದರು.

ನನ್ನ ಚೀಲದಲ್ಲಿ ಆಗಲೇ ಒಂದಿಷ್ಟಿತ್ತು:
ಬಸ್ ಸ್ಟ್ಯಾಂಡಿನಲ್ಲಿ ಹಂಚಿದ ಕರಪತ್ರ, ಮೇಲೊಂದು ಕರ್ರಗಿನ ಶ್ವಾಸಕೋಶ;
ಮೂರೇ ದಿನಕ್ಕೆ ಕುಡಿತ ಬಿಡಿಸುವ ಬೇರಿನ ಜಾಹೀರಾತು;
ಒಂದು ನುಣುಪು ಕಾಗದದ ಪುಸ್ತಿಕೆ, ಅದರ ಪ್ರಕಾರ
ಮಿತವಾಗಿ ಕುಡಿದವನ ಎದೆ ಕುಡಿಯದವನ ಎದೆಗಿಂತ ಗಟ್ಟಿ.

ಅವರು ಪುಸ್ತಿಕೆಯನ್ನು ಮಗುಚಿ ಹಿಂದಿನಿಂದ ಓದತೊಡಗಿದರು,
ಉರ್ದು ಓದುವವರ ಹಾಗೆ.
ಕೊನೆಯ ಪುಟದ ತಳದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ.
ಧನಸಹಾಯ: ಯಾವುದೋ ಬೀರು ಕಂಪನಿ.
"ಆ ಬೀರು ಈ ಬೀರುವಿನೊಳಕ್ಕೆ ಬೇಡ," ಅಂದರು, ನಗಲಿಲ್ಲ.
"ಮೊದಲು ಉಣ್ಣಿಸಿದವರ ಹೆಸರು ನೋಡು.
ಆಮೇಲೆ ಎಷ್ಟು ಜನರನ್ನು ಕೇಳಿದರು, ಯಾರನ್ನು ಕೇಳಲಿಲ್ಲ.
ಏನು ಹೇಳಿದರು ಅನ್ನೋದು
ಪುರುಸೊತ್ತಿದ್ದರೆ."

ಬೀರು ತೆಗೆದರೆ ದೆಹಲಿ, ಮದರಾಸು, ಯಾವುದೋ ದೇಶದ ಇಲಿಗಳು.
ನಮ್ಮ ಜಿಲ್ಲೆಗೆ ಒಂದೇ ಪ್ರಬಂಧ, ಗೆದ್ದಲು ಅಂಚು ತಿಂದದ್ದು.
ಏಳನೇ ಕೋಷ್ಟಕ. ಅರಕಲಗೂಡು ತಾಲ್ಲೂಕು.
ಹೊಗೆಸೊಪ್ಪು ಬಳಸುವ ಹೆಂಗಸರು:
ಸೊನ್ನೆ.
ಎಷ್ಟು ದುಂಡಗಿತ್ತು ಅದು,
ಒಂದು ಕಡೆಯೂ ಸವೆದಿರಲಿಲ್ಲ.

ಮಾರನೇ ದಿನ ಕೊಣನೂರಿನ ಬಸ್ಸು ಹತ್ತಿದೆ.

ಬ್ಯಾರನ್ನಿನ ನೆರಳಲ್ಲಿ ಸಣ್ಣತಾಯಮ್ಮ
ಕಡ್ಡಿಗೆ ಎಲೆ ಕಟ್ಟುತ್ತಿದ್ದಳು, ಜಡೆ ಹೆಣೆದಷ್ಟು ಬೇಗ.
"ಹೊಗೆಸೊಪ್ಪು ಬಳಸ್ತೀರಾ?"
"ಇಲ್ಲ ಕಣವ್ವ."
ಬಾಯಿ ಕೆಂಪಗಿತ್ತು.
"ಇದಾ? ಇದು ಎಲೆಅಡಿಕೆ. ವಸಿ ಕಡ್ಡಿಪುಡಿ, ಹಲ್ಲುನೋವಿಗೆ.
ಅದ್ಯಾವ ಬಳಕೆ?"
"ಎಷ್ಟು ವರ್ಷದಿಂದ ಹಲ್ಲುನೋವು?"
"ಮದುವೆ ಆದಾಗಿಂದ."

ಆ ಪ್ರಬಂಧದವರು ಬಂದಿದ್ದು ಅವಳಿಗೆ ನೆನಪಿತ್ತು.
ಕೇಳಿದ್ದು ಜಗುಲಿಯಲ್ಲಿ ಕೂತ ಗಂಡನನ್ನ.
ಅವನು ಅವಳ ಪರವಾಗಿ ಇಲ್ಲ ಅಂದ, ಬೀಡಿ ಕಚ್ಚಿಕೊಂಡೇ.

ಹದಿನಾಲ್ಕನೇ ಪ್ರಶ್ನೆ: ದಿನಕ್ಕೆ ಎಷ್ಟು ಬಾರಿ?
ಅವಳು ಬೇರೇನೋ ಹೇಳತೊಡಗಿದಳು.
ಮುಂಜಾನೆ ಇಬ್ಬನಿ ಎಲೆ ಮುರಿಯುವಾಗ
ಕೈಯಿಂದ ಮೇಲೇರುತ್ತದಂತೆ ಒಂದು ಅಮಲು,
ತಲೆ ಗಿರ್ರನೆ, ಹೊಟ್ಟೆ ತೊಳಸಿ, ಬದುವಿನ ಮೇಲೆ ವಾಂತಿ.
"ನಮ್ಮತ್ತೆ ಬಸುರಿ ಅಂದ್ಕೊಂಡ್ಳು.
ನಲವತ್ತೆಂಟಕ್ಕೆ!" ಎಂದು ನಕ್ಕಳು,
ನಗುತ್ತಲೇ ಉಗುಳಿದಳು.

ಸೇದದೆ ಸೇದಿದವಳಿಗೆ ಫಾರಮ್ಮಿನಲ್ಲಿ ಕಾಲಂ ಇಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಅಂಚು ಸಾಲದೆ ಹಿಂಬದಿಗೆ.
ಮಜ್ಜಿಗೆ ಕೊಟ್ಟಳು. ಕುಡಿದೆ.
"ಕೆಟ್ಟದ್ದು ಅಂತಲೇ ಬರ್ಕೋ ಮಗ,
ರಾಮನಾಥಪುರದಲ್ಲಿ ರೇಟು ಬೀಳೋ ಹಂಗೆ ಮಾತ್ರ ಬರೀಬ್ಯಾಡ."

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಬೇಕಿತ್ತು.
ಇಂಕ್ ಪ್ಯಾಡು ಒಣಗಿತ್ತು.
ಅವಳು ಸುಮ್ಮನೆ ಬೆರಳೊತ್ತಿದಳು:
ಎಲೆಯ ಅಂಟಿನ ಗೆರೆಗಳು ಕಪ್ಪಗೆ, ಒಂದೂ ಬಿಡದೆ ಮೂಡಿದವು.

ಧರಣೇಂದ್ರಯ್ಯ ಆ ಹಾಳೆಯನ್ನು ಬೆಳಕಿಗೆ ಹಿಡಿದರು.
ಆಮೇಲೆ, ನಾನು ನೋಡುತ್ತಿದ್ದಂತೆಯೇ, ಮೂಗಿನ ಹತ್ತಿರಕ್ಕೆ.
ಮೂವತ್ತು ವರ್ಷ ಬೀಗ ಕಾದವರು
ಮೊದಲ ಸಲ ಮೂಸಿದರೇನೋ, ಹಾಳೆ ತಟ್ಟನೆ ದೂರ ಹೋಯಿತು.
"ಎಷ್ಟು ಜನರನ್ನ ಕೇಳಿದೆ?"
"ಒಬ್ಬರನ್ನ."
"ಒಬ್ಬರು ಸಾಲದು. ಇನ್ನೂರಾಗಲಿ. ಗಂಡಂದಿರು ಹರಾಜಿಗೆ ಹೋದ ದಿನ ಹೋಗು."
ಸ್ವಲ್ಪ ಹೊತ್ತು ಫ್ಯಾನು ಕೆಮ್ಮಿತು.
"ದುಡ್ಡು ಯಾರದು?"
"ಹೆಂಗಸರಿಗೆ ಬಸ್ಸು ಫ್ರೀ ಸಾರ್."
"ಬೇರೆ ಏನಾದರೂ ತಗೊಂಡೆಯಾ, ಯಾರಿಂದಲಾದರೂ?"

ಬರೆದೆ, ಕೊನೆಯ ಪುಟದ ತಳದಲ್ಲಿ,
ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ:
ಧನಸಹಾಯ, ಸರ್ಕಾರಿ ಬಸ್ಸು.
ಮಜ್ಜಿಗೆ, ಸಣ್ಣತಾಯಮ್ಮ, ಒಂದು ಲೋಟ.